ಸೋಲಾರ್ ಪಂಪ್ ಕಂಟ್ರೋಲರ್‌ಗೆ ಜರ್ಮನಿಯ ಲೈಸೆನ್ಸ್: ಸಹಿ ಹಾಕುವ ಮುಂಚೆ ಏನೇನು ನೋಡಬೇಕು?

ಪೀಣ್ಯ ವರ್ಕ್‌ಶಾಪ್:
ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಯೂನಿಟ್ ಇದೆ. ಬೋರ್‌ವೆಲ್‌ಗೆ ಹಾಕುವ ಸೋಲಾರ್ ಪಂಪ್‌ಗಳ ಕಂಟ್ರೋಲರ್ ಮಾಡುತ್ತೇವೆ. ರೈತರಿಗೆ ಸೋಲಾರ್ ಪಂಪ್ ಕೊಡಿಸುವ ಕುಸುಮ್ ಯೋಜನೆ ಬಂದ ಮೇಲೆ ಕೆಲಸ ಚೆನ್ನಾಗಿದೆ. ಆದರೆ ದೊಡ್ಡ ಎಚ್‌ಪಿ ಪಂಪ್‌ಗೆ ಹೋದರೆ ನಮ್ಮ ಡಿಸೈನ್ ಬಿಸಿ ತಡೆಯುವುದಿಲ್ಲ. ಈಗ ಜರ್ಮನಿಯ ಒಂದು ಕಂಪನಿ ಅವರ ಕನ್ವರ್ಟರ್ (ಪ್ಯಾನೆಲ್‌ನ ಕರೆಂಟನ್ನು ಮೋಟಾರಿಗೆ ಬೇಕಾದ ಹಾಗೆ ಬದಲಿಸುವ ಭಾಗ) ಡಿಸೈನನ್ನು ಲೈಸೆನ್ಸ್ ಮೇಲೆ ಕೊಡುತ್ತೇವೆ ಅಂದಿದೆ, ಡ್ರಾಫ್ಟ್ ಕೂಡ ಕಳಿಸಿದ್ದಾರೆ.

ಮೊದಲು ಒಂದು ದೊಡ್ಡ ಮೊತ್ತ, ಆಮೇಲೆ ಪೀಸ್‌ಗೆ ಇಷ್ಟು ಅಂತ ರಾಯಲ್ಟಿ. ಭಾರತದಲ್ಲಿ ಅವರಿಗೆ ಮೂರು ಪೇಟೆಂಟ್ ಇವೆ, ನಮಗೆ ಬೇಕಿರುವುದು ಒಂದೇ, ಆದರೆ ಮೂರನ್ನೂ ಒಟ್ಟಿಗೇ ತಗೊಳ್ಳಬೇಕು. ನಾವು ಅದರ ಮೇಲೆ ಏನು ಸುಧಾರಣೆ ಮಾಡಿದರೂ ಅದು ಪೂರ್ತಿ ಅವರದ್ದು. ಪೇಟೆಂಟ್ ಸರಿಯಿಲ್ಲ ಅಂತ ನಾವು ಎಲ್ಲೂ ತಕರಾರು ಎತ್ತುವ ಹಾಗಿಲ್ಲ. ಬಿಸಿ ಹೊರಹಾಕುವ ಹೀಟ್‌ಸಿಂಕ್, ಕನೆಕ್ಟರ್ ಕೂಡ ಅವರು ಹೇಳಿದ ಕಡೆಯಿಂದಲೇ ಕೊಳ್ಳಬೇಕು. ಫರ್ಮ್‌ವೇರ್‌ಗೆ, ಅಂದರೆ ಬೋರ್ಡ್ ಒಳಗೆ ಓಡುವ ಸಾಫ್ಟ್‌ವೇರ್‌ಗೆ, ಓದಿ ತಿದ್ದಬಹುದಾದ ಸೋರ್ಸ್ ಕೋಡ್ ಇಲ್ಲ, ಬರೀ ಲೋಡ್ ಮಾಡುವ ಫೈಲ್ ಕೊಡುತ್ತಾರೆ.

ಒಬ್ಬರು ಹೇಳುತ್ತಾರೆ, ಪೇಟೆಂಟ್ ನಂಬರ್ ಸರಿ ಇದೆಯಾ ನೋಡಿ ಸಹಿ ಹಾಕು, ಮಿಕ್ಕಿದ್ದೆಲ್ಲ ಮಾಮೂಲಿ ಅಂತ. ಇನ್ನೊಬ್ಬರು ಹೇಳುತ್ತಾರೆ, ಇದು ಹವಾಮಾನದ ವಿಷಯ, ಪೇಟೆಂಟ್ ಇರುವವರು ಒಪ್ಪದಿದ್ದರೂ ಸರ್ಕಾರ ಕಡ್ಡಾಯ ಲೈಸೆನ್ಸ್ ಕೊಡಿಸುತ್ತದೆ, ನೀನ್ಯಾಕೆ ದುಡ್ಡು ಕೊಡ್ತೀಯ ಅಂತ. ನನಗೆ ಎರಡೂ ನಂಬಿಕೆ ಬರುತ್ತಿಲ್ಲ. ಗೊತ್ತಿರುವವರು ಹೇಳಿ.

ಗದಗ ಗಾಳಿ:
ಸರ್, ಸಹಿ ಹಾಕುವ ಮುಂಚೆ ಎನರ್ಕಾನ್ ಕಥೆ ಒಂದು ಸಲ ಪೂರ್ತಿ ಓದಿ. ನಮ್ಮ ಫೀಲ್ಡ್‌ನಲ್ಲಿ ಇದು ಗೊತ್ತಿಲ್ಲದವರು ಕಮ್ಮಿ.

1994ರಲ್ಲಿ ಜರ್ಮನಿಯ ಗಾಳಿಯಂತ್ರ ಕಂಪನಿ ಎನರ್ಕಾನ್ ಮತ್ತು ಮುಂಬೈನ ಮೆಹ್ರಾ ಕುಟುಂಬ ಸೇರಿ ಎನರ್ಕಾನ್ ಇಂಡಿಯಾ ಶುರು ಮಾಡಿದರು. ಆಮೇಲೆ ಪಾಲು ಜರ್ಮನಿಯವರದ್ದು ಶೇ 56, ಇವರದ್ದು ಶೇ 44 ಆಯಿತು. ಕಾರ್ಖಾನೆ ದಾಮನ್‌ನಲ್ಲಿ. ಗೇರ್‌ಬಾಕ್ಸ್ ಇಲ್ಲದ ಟರ್ಬೈನ್ ಅವರ ವಿಶೇಷ. ರೆಕ್ಕೆ ತಿರುಗಿದ ಹಾಗೇ ಜನರೇಟರ್ ತಿರುಗುತ್ತದೆ. ಗೇರ್ ಸವೆಯುವುದು, ಗೇರ್ ಎಣ್ಣೆ ಬದಲಿಸುವುದು, ಈ ಪಾಡೇ ಇಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೂ ಅವರ ಯಂತ್ರಗಳು ಬಂದವು. ವ್ಯಾಪಾರ ಚೆನ್ನಾಗಿಯೇ ನಡೆಯಿತು. ಆಮೇಲೆ ಹಳೇ ತಂತ್ರಜ್ಞಾನ ಒಪ್ಪಂದದ ಅವಧಿ ಮುಗಿದು ಹೊಸದರ ಮಾತುಕತೆ ಶುರುವಾಯಿತು. 2006ರ ಸೆಪ್ಟೆಂಬರ್‌ನಲ್ಲಿ 'ಒಪ್ಪಿದ ತತ್ವಗಳು' ಅಂತ ಒಂದು ಕಾಗದಕ್ಕೆ ಸಹಿಯಾಯಿತು. ಅದೇ ಅಂತಿಮ ಒಪ್ಪಂದವೋ ಅಲ್ಲವೋ ಅಂತಲೇ ಜಗಳ ಹತ್ತಿಕೊಂಡಿತು. ಜರ್ಮನಿಯಿಂದ ಬಿಡಿಭಾಗ ಬರುವುದು ನಿಂತಿತು.

ಮೆಹ್ರಾ ಕಡೆಯವರು ಸುಮ್ನೆ ಕೂರಲಿಲ್ಲ. ಚೆನ್ನೈನಲ್ಲಿದ್ದ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಗೆ ಹೋಗಿ ಎನರ್ಕಾನ್ ಸ್ಥಾಪಕ ಅಲೋಯ್ಸ್ ವೊಬೆನ್ ಹೆಸರಿನಲ್ಲಿದ್ದ ಪೇಟೆಂಟ್‌ಗಳನ್ನು ರದ್ದು ಮಾಡಿ ಅಂತ ಅರ್ಜಿ ಹಾಕಿದರು. ಹಲವು ರದ್ದೂ ಆದವು. ಆಗ ಜರ್ಮನಿಯಲ್ಲಿ ದೊಡ್ಡ ಗಲಾಟೆ, ಭಾರತ ನಮ್ಮ ತಂತ್ರಜ್ಞಾನ ಕಿತ್ತುಕೊಂಡಿತು ಅಂತ. ಇಲ್ಲಿ ನಮ್ಮವರಿಗೆ ಸಂತೋಷ.

ಈಗ ಹೇಳಿ, ತಂತ್ರಜ್ಞಾನ ಬಂತಾ? ಪೇಟೆಂಟ್ ರದ್ದಾದ ಮೇಲೆ ಇಲ್ಲಿನ ಕಂಪನಿ ವಿಂಡ್ ವರ್ಲ್ಡ್ ಅಂತ ಹೆಸರು ಬದಲಿಸಿಕೊಂಡಿತು. 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಪೇಟೆಂಟ್ ರದ್ದು ಮಾಡಿಸಿದ ಆದೇಶ ಕೈಯಲ್ಲಿ ಹಿಡಿದುಕೊಂಡು ಮುಂದಿನ ಪೀಳಿಗೆಯ ದೊಡ್ಡ ಟರ್ಬೈನ್ ಮಾಡಲು ಆಗಲಿಲ್ಲ. ನನ್ನ ಪ್ರಕಾರ ಇದೊಂದೇ ಮಾತು ನೆನಪಿಡಿ: ಪೇಟೆಂಟ್ ಬೇಲಿ ಮಾತ್ರ. ಬೇಲಿ ಕಿತ್ತರೆ ಒಳಗಿನ ಬೆಳೆ ನಿಮಗೆ ಬೆಳೆಯಲು ಬರುತ್ತದೆ ಅಂತಲ್ಲ.

ವಕೀಲ, ಬಸವನಗುಡಿ:
ಗದಗದವರು ಹೇಳಿದ್ದು ಸರಿ, ಆದರೆ ಕಂಪನಿ ಮುಳುಗಿದ್ದಕ್ಕೆ ಪೇಟೆಂಟ್ ಜಗಳ ಒಂದೇ ಕಾರಣ ಅಂದುಕೊಳ್ಳಬೇಡಿ. ಸಾಲ, ವಿಂಡ್ ಟೆಂಡರ್ ಪದ್ಧತಿಯಲ್ಲಿ ದರ ಕುಸಿದದ್ದು, ಎಲ್ಲ ಇತ್ತು. ಕಾನೂನಿನ ಭಾಗ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆ ಜಗಳದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ಎರಡು ತೀರ್ಪು ಕೊಟ್ಟಿತು. ಜೂನ್‌ನಲ್ಲಿ ಬಂದದ್ದು ಪೇಟೆಂಟ್ ರದ್ದತಿ ಬಗ್ಗೆ. ಮೆಹ್ರಾ ಕಡೆಯವರು ಮಂಡಳಿ ಮುಂದೆ 19 ರದ್ದತಿ ಅರ್ಜಿ ಹಾಕಿದ್ದರು, ವೊಬೆನ್ ದಾವೆ ಹೂಡಿದ ಮೇಲೆ ಕೋರ್ಟ್‌ನಲ್ಲಿ ಪ್ರತಿದಾವೆಯನ್ನೂ ಹಾಕಿದರು. ಒಂದೇ ಪೇಟೆಂಟ್ ಮೇಲೆ ಎರಡು ಕಡೆ ಹೊಡೆದಾಡುವ ಹಾಗಿಲ್ಲ, ಒಂದು ದಾರಿ ಆರಿಸಿಕೊಳ್ಳಿ ಅಂತ ಕೋರ್ಟ್ ಹೇಳಿತು. ಆ ಮಂಡಳಿ 2021ರಲ್ಲಿ ರದ್ದಾಗಿದೆ, ಈಗ ಇಂಥ ಅರ್ಜಿಗಳು ಹೈಕೋರ್ಟ್‌ಗೇ ಹೋಗುತ್ತವೆ.

ನಿಮಗೆ ಹೆಚ್ಚು ಬೇಕಾದದ್ದು ಫೆಬ್ರುವರಿಯ ತೀರ್ಪು. ಜಗಳ ಬಂದರೆ ಕೋರ್ಟ್ ಬದಲು ಮಧ್ಯಸ್ಥರು ತೀರ್ಮಾನಿಸಬೇಕು ಅನ್ನುವ ಮಧ್ಯಸ್ಥಿಕೆ ಷರತ್ತಿನಲ್ಲಿ ಮೂವರು ಮಧ್ಯಸ್ಥರು ಅಂತ ಬರೆದು, ಎರಡು ಕಡೆಯವರು ಒಬ್ಬೊಬ್ಬರನ್ನು ನೇಮಿಸಬೇಕು ಅಂದು, ಮೂರನೆಯವರನ್ನು ಯಾರು ನೇಮಿಸಬೇಕು ಅನ್ನುವುದನ್ನೇ ಬರೆದಿರಲಿಲ್ಲ! ಮೇಲಾಗಿ ಕಾನೂನು ಭಾರತದ್ದು, ಕೂತು ವಿಚಾರಣೆ ಮಾಡುವ ಜಾಗ ಲಂಡನ್. ಹಾಗಾದರೆ ಯಾವ ದೇಶದ ಕೋರ್ಟ್‌ಗೆ ಅಧಿಕಾರ? ಈ ಒಂದು ಪ್ರಶ್ನೆಗೇ ಇಂಗ್ಲೆಂಡ್, ದಾಮನ್, ಮುಂಬೈ, ದೆಹಲಿ ಅಂತ ವರ್ಷಗಟ್ಟಲೆ ಓಡಾಡಿದರು. ಕೊನೆಗೆ ಸುಪ್ರೀಂ ಕೋರ್ಟ್, ಲಂಡನ್ ಬರೀ ಕೂರುವ ಜಾಗ, ಅಧಿಕಾರ ಇಲ್ಲಿನ ಕೋರ್ಟ್‌ಗಳದ್ದು ಅಂತ ಹೇಳಿ, ಬಿಟ್ಟುಹೋದ ಸಾಲನ್ನೂ ತಾನೇ ಸರಿಪಡಿಸಿತು. ನೂರಾರು ಕೋಟಿಯ ವ್ಯವಹಾರದಲ್ಲೇ ಈ ಗತಿ. ನಿಮ್ಮ ಡ್ರಾಫ್ಟ್‌ನಲ್ಲಿ ಆ ಪುಟವನ್ನು ಮೊದಲು ಓದಿ.

ಕಡ್ಡಾಯ ಲೈಸೆನ್ಸ್ ವಿಷಯ. ಪೇಟೆಂಟ್ ಕಾಯ್ದೆಯ 84ನೇ ಸೆಕ್ಷನ್‌ನಲ್ಲಿ ಅದು ಇದೆ. ಪೇಟೆಂಟ್ ಸಿಕ್ಕಿ ಮೂರು ವರ್ಷ ಆಗಿರಬೇಕು. ಆಮೇಲೆ, ಜನರ ಅಗತ್ಯ ಪೂರೈಸುತ್ತಿಲ್ಲ, ಬೆಲೆ ಕೈಗೆಟುಕುತ್ತಿಲ್ಲ, ಭಾರತದಲ್ಲಿ ಬಳಕೆಗೆ ತಂದಿಲ್ಲ, ಇದರಲ್ಲಿ ಒಂದನ್ನಾದರೂ ತೋರಿಸಬೇಕು. ಈ ಸೆಕ್ಷನ್ ಕೆಳಗೆ ಕೊಟ್ಟದ್ದು ಒಂದೇ ಒಂದು ಲೈಸೆನ್ಸ್, 2012ರಲ್ಲಿ, ಬೇಯರ್ ಕಂಪನಿಯ ಕ್ಯಾನ್ಸರ್ ಔಷಧಿಗೆ. ತಿಂಗಳಿಗೆ 2.8 ಲಕ್ಷ ರೂಪಾಯಿ ಇದ್ದದ್ದು ಲೈಸೆನ್ಸ್ ಪಡೆದ ನಮ್ಮ ನ್ಯಾಟ್ಕೋ ಕಂಪನಿ ಕೈಯಲ್ಲಿ 8,800 ರೂಪಾಯಿಗೆ ಬಂತು. ಮಾತ್ರೆಯ ವಿಷಯದಲ್ಲಿ ಅದು ನಡೆಯಿತು, ಯಾಕೆಂದರೆ ಅಣು ಯಾವುದು ಅಂತ ಗೊತ್ತಾದರೆ ನಮ್ಮ ಕೆಮಿಸ್ಟ್‌ಗಳು ಮಾಡಿಬಿಡುತ್ತಾರೆ. ಕನ್ವರ್ಟರ್‌ಗೆ ಹಾಗಲ್ಲ. ಮಾರುಕಟ್ಟೆಯಲ್ಲಿ ಹತ್ತು ಬೇರೆ ಕನ್ವರ್ಟರ್ ಇರುವಾಗ ಜನರ ಅಗತ್ಯ ಪೂರೈಸುತ್ತಿಲ್ಲ ಅಂತ ಹೇಗೆ ವಾದ ಮಾಡುತ್ತೀರಿ? ಗೆದ್ದರೂ ಪೇಟೆಂಟ್ ಬಳಸಲು ಅನುಮತಿ ಸಿಗುತ್ತದೆ ಅಷ್ಟೆ. ಡ್ರಾಯಿಂಗ್ ಕೊಡು, ಕೋಡ್ ಕೊಡು, ಎಂಜಿನಿಯರ್ ಕಳಿಸು ಅಂತ ಯಾರೂ ಆದೇಶ ಮಾಡುವುದಿಲ್ಲ.

ಐದನೇ ಸೆಮ್:
ಸರ್, ನಾನು ಕಾನೂನು ವಿದ್ಯಾರ್ಥಿ. ಒಂದು ಡೌಟು. ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದ 4.5ನೇ ವಿಧಿಯಲ್ಲಿ ಮುಂದುವರಿದ ದೇಶಗಳು ತಂತ್ರಜ್ಞಾನ ವರ್ಗಾವಣೆ ಮಾಡಬೇಕು ಅಂತ ಇದೆ. ಡಬ್ಲ್ಯುಟಿಒದ ಬೌದ್ಧಿಕ ಆಸ್ತಿ ಒಪ್ಪಂದ ಟ್ರಿಪ್ಸ್‌ನ 66.2ರಲ್ಲೂ ಇದೆ. ಹಾಗಿರುವಾಗ ಪೀಣ್ಯದ ಸರ್ ಥರದವರು ಯಾಕೆ ಇಷ್ಟು ಕಟ್ಟಬೇಕು? 2009ರಲ್ಲಿ ಕೋಪನ್‌ಹೇಗನ್ ಸಭೆ ಹೊತ್ತಿನಲ್ಲಿ ಪೇಟೆಂಟ್ ವಿನಾಯಿತಿ ಬಗ್ಗೆ ಇಷ್ಟೆಲ್ಲ ಚರ್ಚೆ ಆಯಿತಲ್ಲ, ಅದೆಲ್ಲ ಏನಾಯಿತು?

ವಕೀಲ, ಬಸವನಗುಡಿ:
ಒಳ್ಳೆ ಪ್ರಶ್ನೆ. 66.2 ಇರುವುದು ಅತಿ ಹಿಂದುಳಿದ ದೇಶಗಳಿಗೆ, ಆ ಪಟ್ಟಿಯಲ್ಲಿ ಭಾರತ ಇಲ್ಲ. ಇನ್ನು 4.5 ಓದಿ ನೋಡಿ, ಸೂಕ್ತವಾದಂತೆ ಎಲ್ಲ ಸಾಧ್ಯ ಕ್ರಮ ತಗೊಳ್ಳಬೇಕು ಅಂತ ಇದೆ. ಅದು ಸರ್ಕಾರಗಳ ಮೇಲಿನ ಮಾತು. ತಂತ್ರಜ್ಞಾನ ಇರುವುದು ಖಾಸಗಿ ಕಂಪನಿಗಳ ಹತ್ತಿರ. ಜರ್ಮನ್ ಸರ್ಕಾರ ಒಂದು ಕಂಪನಿಗೆ ನಿನ್ನ ಕೋಡ್ ಕೊಡು ಅನ್ನಲು ಆಗುವುದಿಲ್ಲ. ಅಮೆರಿಕ, ಯೂರೋಪ್ ಪೇಟೆಂಟ್ ಮಾತನ್ನೇ ಒಪ್ಪಂದದಿಂದ ಹೊರಗಿಟ್ಟರು. 2010ರಲ್ಲಿ ಕಾನ್‌ಕುನ್‌ನಲ್ಲಿ ಹವಾಮಾನ ತಂತ್ರಜ್ಞಾನ ಕೇಂದ್ರ ಮತ್ತು ಜಾಲ ಮಾಡೋಣ ಅಂತ ತೀರ್ಮಾನ ಆಯಿತು. ಅದು ಸಲಹೆ ಕೊಡುತ್ತದೆ, ಲೈಸೆನ್ಸ್ ಅಲ್ಲ.

ಪಾವಗಡ ಬಿಸಿಲು:
ಇಷ್ಟೆಲ್ಲ ಯಾಕೆ ಸರ್? ನಮ್ಮೂರ ಪಕ್ಕ 13,000 ಎಕರೆಯಲ್ಲಿ 2,050 ಮೆಗಾವಾಟ್ ಪಾರ್ಕ್ ನಿಂತಿದೆ. ರೈತರಿಂದ ಜಮೀನು ಗುತ್ತಿಗೆಗೆ ತಗೊಂಡರು, ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಪ್ಯಾನೆಲ್ ಎಲ್ಲಿಂದ ಬಂತು, ಯಾರ ಪೇಟೆಂಟ್ ಅಂತ ಯಾರಾದರೂ ಕೇಳಿದರಾ? ಚೀನಾದಿಂದ ಕಮ್ಮಿ ರೇಟಿಗೆ ಬರುತ್ತದೆ, ತಂದು ಹಾಕಿದರೆ ಕರೆಂಟ್ ಬರುತ್ತದೆ. ಅದು ತಂತ್ರಜ್ಞಾನ ವರ್ಗಾವಣೆ ಅಲ್ವಾ? ಕಂಟ್ರೋಲರ್ ಕೂಡ ಹಾಗೇ ತರಿಸಿ ಬಾಕ್ಸ್ ಹಾಕಿ ಮಾರಿ.

ಗದಗ ಗಾಳಿ:
ಅದು ಯಂತ್ರ ಬಂದದ್ದು ಅಣ್ಣ, ತಂತ್ರಜ್ಞಾನ ಬಂದದ್ದಲ್ಲ. ವ್ಯತ್ಯಾಸ ಗೊತ್ತಾಗುವುದು ಕೆಟ್ಟಾಗ. ಟವರ್ ಮೇಲೆ 50 ಮೀಟರ್ ಹತ್ತಿ ಕಂಟ್ರೋಲ್ ಕ್ಯಾಬಿನೆಟ್ ತೆಗೆದರೆ ಸ್ಕ್ರೀನ್ ಪಾಸ್‌ವರ್ಡ್ ಕೇಳುತ್ತದೆ. ನಾನು ಮೊದಲು ಕೆಲಸ ಮಾಡಿದ ಒಂದು ಸೈಟ್‌ನಲ್ಲಿ ಫಾಲ್ಟ್ ಏನು ಅಂತ ನಮಗೆ ಗೊತ್ತಿತ್ತು, ಸರಿ ಮಾಡುವ ಕಾರ್ಡ್ ಸ್ಟೋರ್‌ನಲ್ಲಿತ್ತು, ಆದರೆ ಹೊಸ ಕಾರ್ಡ್ ಒಪ್ಪಿಕೊಳ್ಳಲು ಹೊರದೇಶದಿಂದ ಕೋಡ್ ಬರಬೇಕಿತ್ತು. ಅವರ ಮತ್ತು ನಮ್ಮ ಕಂಪನಿಯ ನಡುವೆ ಬಾಕಿ ಹಣದ ತಕರಾರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಸೀಸನ್. ಕಪ್ಪತಗುಡ್ಡದ ಕಡೆಯಿಂದ ಗಾಳಿ ಹೊಡೆಯುತ್ತಿದೆ, ರೆಕ್ಕೆ ನಿಂತಿವೆ. ಇಡೀ ವರ್ಷದ ದುಡಿಮೆ ಆ ನಾಲ್ಕು ತಿಂಗಳಲ್ಲಿ ಆಗಬೇಕು ಅನ್ನುವುದು ಗಾಳಿ ಫೀಲ್ಡ್‌ನವರಿಗೆ ಗೊತ್ತು. ಈ ವಿಷಯದಲ್ಲಿ ಪೇಟೆಂಟ್ ಎಲ್ಲೂ ಬರಲೇ ಇಲ್ಲ ನೋಡಿ. ಬಂದದ್ದು ಒಂದು ಪಾಸ್‌ವರ್ಡ್.

ಬ್ರೆಮೆನ್ ಕನ್ನಡತಿ:
ನಾನು ಇಲ್ಲಿ ಜರ್ಮನಿಯಲ್ಲಿ ಕನ್ವರ್ಟರ್ ಕಂಟ್ರೋಲ್ ಸಾಫ್ಟ್‌ವೇರ್ ಬರೆಯುವ ಟೀಮ್‌ನಲ್ಲಿದ್ದೇನೆ. ಗದಗದ ಅಣ್ಣ ಹೇಳಿದ್ದಕ್ಕೆ ಈ ಕಡೆಯ ಕಾರಣವನ್ನೂ ಹೇಳಬೇಕು, ಇಲ್ಲದಿದ್ದರೆ ಮಾತುಕತೆಯಲ್ಲಿ ನಿಮಗೆ ಅವರ ಭಯ ಅರ್ಥ ಆಗುವುದಿಲ್ಲ.

ಇಲ್ಲಿನ ಎಂಜಿನಿಯರ್‌ಗಳು ಸೋರ್ಸ್ ಕೋಡ್ ಅಂದ ಕೂಡಲೇ ಹೆದರುವುದು ಸಿನೋವೆಲ್ ಹೆಸರಿಗೆ. ಎಎಂಎಸ್‌ಸಿ ಅನ್ನುವ ಅಮೆರಿಕದ ಕಂಪನಿ ಚೀನಾದ ಸಿನೋವೆಲ್ ಟರ್ಬೈನ್‌ಗಳಿಗೆ ಕಂಟ್ರೋಲ್ ಸಿಸ್ಟಮ್ ಕೊಡುತ್ತಿತ್ತು. 2011ರ ಮಾರ್ಚ್‌ನಲ್ಲಿ ಸಿನೋವೆಲ್ ಇದ್ದಕ್ಕಿದ್ದಂತೆ ಮಾಲು ಬೇಡ ಅಂತು. ಆಸ್ಟ್ರಿಯಾದ ಕ್ಲಾಗೆನ್‌ಫರ್ಟ್‌ನಲ್ಲಿ ಎಎಂಎಸ್‌ಸಿಯವರದ್ದೇ ಒಬ್ಬ ಎಂಜಿನಿಯರ್ ದುಡ್ಡಿನ ಆಸೆಗೆ ಕೋಡ್ ಕೊಟ್ಟುಬಿಟ್ಟಿದ್ದ. ಕಂಪನಿಯಲ್ಲಿ ಸುಮಾರು 700 ಜನ ಕೆಲಸ ಕಳೆದುಕೊಂಡರು. 2018ರಲ್ಲಿ ಅಮೆರಿಕದ ಕೋರ್ಟ್ ಸಿನೋವೆಲ್ ತಪ್ಪಿತಸ್ಥ ಅಂತ ಹೇಳಿತು, ಕೊನೆಗೆ 5.75 ಕೋಟಿ ಡಾಲರ್‌ಗೆ ರಾಜಿಯಾಯಿತು. ಹೋದ ವ್ಯಾಪಾರಕ್ಕೆ ಹೋಲಿಸಿದರೆ ಅದು ತುಂಬಾ ಕಡಿಮೆ. ಗುಟ್ಟು ಒಂದು ಸಲ ಹೊರಗೆ ಹೋದರೆ ಯಾವ ಕೋರ್ಟ್ ಗೆದ್ದರೂ ವಾಪಸ್ ಬರುವುದಿಲ್ಲ ಅಂತ ಇಲ್ಲಿ ಎಲ್ಲರಿಗೂ ಗೊತ್ತಾಯಿತು.

ಆದರೆ ಅದೇ ಚೀನಾದ ಇನ್ನೊಂದು ಕಂಪನಿ ಗೋಲ್ಡ್‌ವಿಂಡ್ ನೋಡಿ. ಅವರು ಮೊದಲು ಜರ್ಮನಿಯ ಜೇಕಬ್ಸ್‌ನಿಂದ, ಆಮೇಲೆ ರಿಪವರ್‌ನಿಂದ ಲೈಸೆನ್ಸ್ ತಗೊಂಡು ಸಣ್ಣ ಟರ್ಬೈನ್ ಮಾಡಿ ಕೈ ಪಳಗಿಸಿಕೊಂಡರು. ಆಮೇಲೆ ವೆನ್ಸಿಸ್ ಅನ್ನುವ ಸಣ್ಣ ಜರ್ಮನ್ ಡಿಸೈನ್ ಕಂಪನಿ ಜೊತೆ ಲೈಸೆನ್ಸ್‌ಗೆ ನಿಲ್ಲದೆ ಒಟ್ಟಿಗೆ ಡಿಸೈನ್ ಮಾಡಿದರು, ಅವರ ಎಂಜಿನಿಯರ್‌ಗಳು ಇಲ್ಲಿಗೆ ಬಂದು ಕೂತರು. 2008ರಲ್ಲಿ ವೆನ್ಸಿಸ್‌ನ ಶೇ 70 ಪಾಲನ್ನೇ ಕೊಂಡರು. ಇದು ಗೇರ್‌ಲೆಸ್ ಟರ್ಬೈನ್ ಕಥೆಯೇ, ಎನರ್ಕಾನ್ ಥರದ್ದೇ. ಅಲ್ಲಿ ಕಲಿತವರು ಮನುಷ್ಯರು, ಅದಕ್ಕೇ ಅದು ಉಳಿಯಿತು.

ಕೊಂಡುಕೊಂಡರೆ ಎಲ್ಲ ಸಿಗುತ್ತದೆ ಅಂತಲೂ ಅಲ್ಲ. ಪಡುಬಿದ್ರಿಯಲ್ಲಿ ರೆಕ್ಕೆ ಕಾರ್ಖಾನೆ ಹಾಕಿದ, ಪುಣೆಯ ನಮ್ಮ ಸುಜ್ಲಾನ್ 2007ರಲ್ಲಿ ಅದೇ ರಿಪವರ್ ಮೇಲೆ ಹಿಡಿತ ಪಡೆಯಿತು. ಆದರೆ ಜರ್ಮನಿಯಲ್ಲಿ ಸಣ್ಣ ಷೇರುದಾರರಿಗೆ ಕಾನೂನಿನ ರಕ್ಷಣೆ ಜಾಸ್ತಿ. ಪೂರ್ತಿ ಮಾಲೀಕತ್ವ ಬರುವವರೆಗೆ ತಂತ್ರಜ್ಞಾನವನ್ನು ಪುಣೆಗೆ ಸುಲಭವಾಗಿ ಹರಿಸಲು ಆಗಲಿಲ್ಲ. ಅಷ್ಟರಲ್ಲಿ ಸಾಲದ ಹೊರೆ ಏರಿತ್ತು. 2015ರಲ್ಲಿ ಸುಮಾರು 100 ಕೋಟಿ ಯೂರೋಗೆ ಮಾರಿಬಿಟ್ಟರು. ನನಗೆ ಇವತ್ತಿಗೂ ಬೇಜಾರು ಇದರ ಬಗ್ಗೆ.

ಪಾವಗಡ ಬಿಸಿಲು:
ಅಕ್ಕ, ಒಪ್ಪಿದೆ. ಆದರೆ ಚೀನಾದವರು ಕಲಿಯುವಾಗ ಅವರ ಸರ್ಕಾರ ಜೊತೆಗಿತ್ತು. ನಾವು 2010ರಲ್ಲಿ ಸೋಲಾರ್ ಮಿಷನ್ ಶುರು ಮಾಡಿ ಇಲ್ಲಿ ಮಾಡಿದ ಸೆಲ್ ಹಾಕಬೇಕು ಅಂದರೆ ಅಮೆರಿಕ ಡಬ್ಲ್ಯುಟಿಒಗೆ ಹೋಯಿತು, 2016ರಲ್ಲಿ ನಾವು ಸೋತೆವು. ಈಗ ಆಮದು ಸುಂಕ ಹಾಕಿ, ಸರ್ಕಾರ ಒಪ್ಪಿದ ತಯಾರಕರ ಎಎಲ್‌ಎಂಎಂ ಪಟ್ಟಿ ಮಾಡಿ ಪ್ಯಾನೆಲ್ ಇಲ್ಲೇ ಜೋಡಿಸುತ್ತಿದ್ದೇವೆ. ಆದರೆ ಸೆಲ್ ಮಾಡುವ ಮೆಷಿನ್ ಚೀನಾದ್ದು, ಅದನ್ನು ಕೂರಿಸಿ ಕಲಿಸುವ ಎಂಜಿನಿಯರ್ ಕೂಡ ಅಲ್ಲಿಂದಲೇ ಬರಬೇಕು. 2025ರಲ್ಲಿ ಅವರು ಬ್ಯಾಟರಿ ಕ್ಯಾಥೋಡ್ ಮಾಡುವ ತಂತ್ರಜ್ಞಾನವನ್ನು ಹೊರಗೆ ಕೊಡಲು ಅನುಮತಿ ಬೇಕು ಅಂತ ಮಾಡಿದರಲ್ಲ. ಬಾಗಿಲು ಅವರ ಕೈಯಲ್ಲಿದೆ. ಹಾಗಾಗಿ ನಾನು ಮೊದಲು ಹೇಳಿದ 'ತರಿಸಿ ಮಾರಿ' ಅನ್ನುವುದು ಇವತ್ತಿನ ಹೊಟ್ಟೆಪಾಡಿಗೆ ಸರಿ, ಹತ್ತು ವರ್ಷದ ಮಾತಿಗೆ ಕಷ್ಟ.

ಪೀಣ್ಯ ವರ್ಕ್‌ಶಾಪ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಕೀಲರೇ, ನನ್ನ ಡ್ರಾಫ್ಟ್‌ನ ಷರತ್ತುಗಳ ಬಗ್ಗೆ ನೇರವಾಗಿ ಹೇಳುತ್ತೀರಾ? ಮೂರು ಒಟ್ಟಿಗೇ, ಸುಧಾರಣೆ ಅವರದ್ದು, ತಕರಾರು ಇಲ್ಲ, ಹೀಟ್‌ಸಿಂಕ್ ಅವರ ಕಡೆಯಿಂದ. ಇವು ನಡೆಯುತ್ತವಾ?

ವಕೀಲ, ಬಸವನಗುಡಿ:
ಇಲ್ಲಿ ಕಾನೂನು ನಿಮ್ಮ ಕಡೆ ಇದೆ, ತುಂಬಾ ಜನಕ್ಕೆ ಇದು ಗೊತ್ತೇ ಇಲ್ಲ. ಪೇಟೆಂಟ್ ಕಾಯ್ದೆಯ 140ನೇ ಸೆಕ್ಷನ್ ಓದಿ. ಪೇಟೆಂಟ್ ಲೈಸೆನ್ಸ್‌ನಲ್ಲಿ ಪೇಟೆಂಟ್ ಇಲ್ಲದ ವಸ್ತುವನ್ನು ನಮ್ಮಿಂದಲೇ ಕೊಳ್ಳಬೇಕು ಅನ್ನುವ ಷರತ್ತು ಹಾಕುವ ಹಾಗಿಲ್ಲ. ನಿಮ್ಮ ಸುಧಾರಣೆಯನ್ನು ಪೂರ್ತಿ ತಮಗೇ ಬರೆಸಿಕೊಳ್ಳುವುದು, ಪೇಟೆಂಟ್ ಸಿಂಧುತ್ವ ಪ್ರಶ್ನಿಸಬಾರದು ಅನ್ನುವುದು, ಬಲವಂತವಾಗಿ ಕಟ್ಟು ಕಟ್ಟಿ ಲೈಸೆನ್ಸ್ ಕೊಡುವುದು, ಇವೂ ಅದೇ ಸೆಕ್ಷನ್‌ನಲ್ಲಿವೆ. ಅಂಥ ಷರತ್ತು ಅಸಿಂಧು. ನೀವು ಪಟ್ಟಿ ಮಾಡಿದ ನಾಲ್ಕೂ ಒಂದೇ ಸೆಕ್ಷನ್‌ಗೆ ಬಂದು ಬೀಳುತ್ತವೆ.

ಆದರೆ ಎಚ್ಚರ. ಒಪ್ಪಂದಕ್ಕೆ ಜರ್ಮನ್ ಕಾನೂನು, ಮಧ್ಯಸ್ಥಿಕೆ ಅಲ್ಲೇ ಎಲ್ಲೋ ಅಂತ ಇದ್ದರೆ ಈ ಸೆಕ್ಷನ್ ಹಿಡಿದು ವಾದ ಮಾಡುವುದು ಕಷ್ಟ ಆಗುತ್ತದೆ. ಅದಕ್ಕೇ ಮೇಲೆ ಹೇಳಿದ್ದು, ಆ ಪುಟ ಮೊದಲು ಓದಿ ಅಂತ. ಭಾರತದ ಕಾನೂನು, ಮಧ್ಯಸ್ಥಿಕೆಯ ಪೀಠ ಬೆಂಗಳೂರು ಅಂತ ಕೇಳಿ. ಒಪ್ಪದಿದ್ದರೆ ಸಿಂಗಾಪುರದ ಮಟ್ಟಿಗೆ ಇಳಿಯಿರಿ, ಕಾನೂನು ಮಾತ್ರ ಬಿಡಬೇಡಿ.

ಇನ್ನು 141. ಲೈಸೆನ್ಸ್ ಮಾಡಿಕೊಂಡಾಗ ಇದ್ದ ಪೇಟೆಂಟ್‌ಗಳೆಲ್ಲ ಮುಗಿದ ಮೇಲೆ ಮೂರು ತಿಂಗಳ ನೋಟಿಸ್ ಕೊಟ್ಟು ಒಪ್ಪಂದ ಮುಗಿಸಬಹುದು. ಪೇಟೆಂಟ್ ಅರ್ಜಿ ಹಾಕಿದ ದಿನದಿಂದ 20 ವರ್ಷ. ಅವರ ಮೂರರಲ್ಲಿ ಯಾವುದಕ್ಕೆ ಎಷ್ಟು ವರ್ಷ ಉಳಿದಿದೆ, ವರ್ಷದ ಶುಲ್ಕ ಕಟ್ಟಿದ್ದಾರಾ, ಪೇಟೆಂಟ್ ಆಫೀಸಿನ ವೆಬ್‌ಸೈಟ್‌ನಲ್ಲಿ ಉಚಿತವಾಗಿ ನೋಡಬಹುದು. ಶುಲ್ಕ ಕಟ್ಟದೆ ಸತ್ತುಹೋದ ಪೇಟೆಂಟ್‌ಗೆ ರಾಯಲ್ಟಿ ಕಟ್ಟುತ್ತಿರುವವರನ್ನು ನಾನು ಕಂಡಿದ್ದೇನೆ. ಜರ್ಮನಿಯಲ್ಲಿ ಮಾತ್ರ ಇದ್ದು ಇಲ್ಲಿ ಅರ್ಜಿಯೇ ಹಾಕದ ಪೇಟೆಂಟ್‌ಗೆ ಇಲ್ಲಿ ಬೆಲೆಯಿಲ್ಲ, ಅದರಲ್ಲಿ ಬರೆದಿರುವುದನ್ನು ಯಾರು ಬೇಕಾದರೂ ಓದಿ ಇಲ್ಲಿ ಮಾಡಬಹುದು. ಲೈಸೆನ್ಸ್ ಆದ ಮೇಲೆ ಪೇಟೆಂಟ್ ಆಫೀಸಿನಲ್ಲಿ ನೋಂದಣಿ ಮಾಡಿಸಿ, ಇಲ್ಲದಿದ್ದರೆ ಕೋರ್ಟ್‌ನಲ್ಲಿ ಆ ಕಾಗದ ಸಾಕ್ಷಿಯಾಗಿ ನಿಲ್ಲುವುದು ಕಷ್ಟ.

ತೆರಿಗೆ ಮರೆಯಬೇಡಿ. ಹೊರದೇಶಕ್ಕೆ ಕಳಿಸುವ ರಾಯಲ್ಟಿ ಮೇಲೆ 2023ರಿಂದ ಶೇ 20, ಜರ್ಮನಿ ಜೊತೆಗಿನ ತೆರಿಗೆ ಒಪ್ಪಂದದ ಪ್ರಕಾರ, ತಾವು ಅಲ್ಲಿನ ತೆರಿಗೆದಾರರು ಅಂತ ಅವರು ಕಾಗದ ಕೊಟ್ಟರೆ ಶೇ 10. ಡ್ರಾಫ್ಟ್‌ನಲ್ಲಿ 'ತೆರಿಗೆ ಕಳೆದ ಮೇಲೂ ನಮಗೆ ಪೂರ್ತಿ ಮೊತ್ತ' ಅಂತ ಇದ್ದರೆ ಆ ತೆರಿಗೆ ನಿಮ್ಮ ಜೇಬಿನಿಂದ ಹೋಗುತ್ತದೆ.

ಐದನೇ ಸೆಮ್:
ಸರ್, ಫರ್ಮ್‌ವೇರ್‌ಗೂ 140 ಬರುತ್ತದಾ?

ವಕೀಲ, ಬಸವನಗುಡಿ:
ಇಲ್ಲ, ತೊಂದರೆ ಅಲ್ಲೇ. ನಮ್ಮ ಕಾಯ್ದೆಯಲ್ಲಿ ಬರೀ ಕಂಪ್ಯೂಟರ್ ಪ್ರೋಗ್ರಾಮ್‌ಗೆ ಪೇಟೆಂಟ್ ಇಲ್ಲ, ಅದು ಕಾಪಿರೈಟ್. ಅದರ ಅವಧಿ ಪೇಟೆಂಟ್‌ಗಿಂತ ಎಷ್ಟೋ ಉದ್ದ. ತಯಾರಿಕೆಯ ಗುಟ್ಟಿಗೆ ನಮ್ಮಲ್ಲಿ ಪ್ರತ್ಯೇಕ ಕಾಯ್ದೆಯೇ ಇಲ್ಲ, ಕರಾರು ಮತ್ತು ಕೋರ್ಟ್ ತೀರ್ಪುಗಳ ಮೇಲೆ ನಡೆಯುತ್ತಿದೆ. 2024ರ ಮಾರ್ಚ್‌ನಲ್ಲಿ ಕಾನೂನು ಆಯೋಗ ತನ್ನ 289ನೇ ವರದಿಯಲ್ಲಿ ಒಂದು ಕರಡು ಕೊಟ್ಟಿದೆ. ನನ್ನ ಅಭಿಪ್ರಾಯದಲ್ಲಿ ಆ ಕಾಯ್ದೆ ಬಂದರೆ ನಮ್ಮ ಸಣ್ಣ ಕಂಪನಿಗಳಿಗೆ ಒಳ್ಳೆಯದೇ. ಸಿನೋವೆಲ್ ಭಯ ಇರುವವರು ಇಲ್ಲಿ ಕಾನೂನು ಗಟ್ಟಿ ಇದೆ ಅಂತ ಕಂಡರೆ ಇನ್ನಷ್ಟು ಬಿಚ್ಚಿ ಕೊಡುತ್ತಾರೆ. ಇದನ್ನು ಒಪ್ಪದವರು ಇದ್ದಾರೆ, ಇರಲಿ.

ಬ್ರೆಮೆನ್ ಕನ್ನಡತಿ:
ಫರ್ಮ್‌ವೇರ್‌ಗೆ ನಡು ದಾರಿ ಒಂದಿದೆ. ಸೋರ್ಸ್ ಕೋಡನ್ನು ಮೂರನೆಯವರ ಹತ್ತಿರ ಎಸ್ಕ್ರೋದಲ್ಲಿ ಇಡಿಸಿ. ಕಂಪನಿ ಮುಚ್ಚಿದರೆ, ಸಪೋರ್ಟ್ ನಿಲ್ಲಿಸಿದರೆ ಅಥವಾ ಬೇರೆಯವರಿಗೆ ಮಾರಿದರೆ ನಿಮಗೆ ಸಿಗಬೇಕು. ಇಲ್ಲಿ ಇದು ಸಾಮಾನ್ಯ, ಕೇಳಿದರೆ ಯಾರೂ ಗಾಬರಿ ಆಗುವುದಿಲ್ಲ. ಆದರೆ ಇಡುವ ದಿನವೇ ಆ ಕೋಡಿನಿಂದ ಫೈಲ್ ಕಟ್ಟಿ, ಬೋರ್ಡ್‌ಗೆ ಲೋಡ್ ಮಾಡಿ, ಓಡುತ್ತದೆ ಅಂತ ತೋರಿಸಬೇಕು ಅಂತ ಬರೆಸಿ. ಅರ್ಧ ಕೋಡ್, ಹಳೇ ಕಂಪೈಲರ್, ಕಾಣೆಯಾದ ಲೈಬ್ರರಿ, ಹೀಗೆ ಇಟ್ಟ ಎಸ್ಕ್ರೋ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಇನ್ನೊಂದು, ಬಿಸಿಲಿನ ಏರಿಳಿತ ನೋಡಿ ಪ್ಯಾನೆಲ್‌ನಿಂದ ಜಾಸ್ತಿ ಪವರ್ ಹುಡುಕುವ ಭಾಗವನ್ನು ನೀವೇ ಬರೆದುಕೊಳ್ಳಿ, ಅದು ನಿಮಗೆ ಈಗಾಗಲೇ ಗೊತ್ತಿರುವ ಕೆಲಸ. ಅವರಿಂದ ತಗೊಳ್ಳುವುದು ಪವರ್ ಬೋರ್ಡ್ ಲೇಔಟ್, ಬಿಸಿ ಲೆಕ್ಕ, ಟೆಸ್ಟ್ ವಿಧಾನ. ನಿಮ್ಮ ಇಬ್ಬರು ಹುಡುಗರು ಇಲ್ಲಿ ಅವರ ಟೆಸ್ಟ್ ಬೆಂಚ್‌ನಲ್ಲಿ ಕೂತು ಕೆಲಸ ಕಲಿಯಬೇಕು ಅಂತ ಷರತ್ತು ಹಾಕಿ, ಮೊದಲ ಮೊತ್ತದ ಒಂದು ಭಾಗವನ್ನು ಅದು ಮುಗಿದ ಮೇಲೆ ಮಾತ್ರ ಕೊಡಿ.

ಗದಗ ಗಾಳಿ:
ಸರ್ವಿಸ್ ಪಾಸ್‌ವರ್ಡ್ ಕೂಡ ಬರೆಸಿ ಸರ್. ಮೊದಲ ದಿನವೇ ನಿಮ್ಮ ಹೆಸರಿಗೆ, ಎಲ್ಲ ಲೆವೆಲ್‌ನದ್ದೂ.

ಪೀಣ್ಯ ವರ್ಕ್‌ಶಾಪ್:
ಬರೆದುಕೊಂಡೆ. ಮುಂದಿನ ವಾರ ಅವರ ಜೊತೆ ಕಾಲ್ ಇದೆ. 140ರ ನಾಲ್ಕು ಷರತ್ತು ತೆಗೆಯಿರಿ ಅಂತ ಮೊದಲೇ ಮೇಲ್ ಮಾಡುತ್ತೇನೆ. ಬೇಕಾದ ಒಂದೇ ಪೇಟೆಂಟ್, ಎಸ್ಕ್ರೋ, ಹುಡುಗರ ಟ್ರೈನಿಂಗ್, ಪಾಸ್‌ವರ್ಡ್, ಇವಕ್ಕೆ ಒಪ್ಪಿದರೆ ರಾಯಲ್ಟಿ ಸ್ವಲ್ಪ ಜಾಸ್ತಿ ಕೊಡಲೂ ನಾನು ತಯಾರು. ಎಸ್ಕ್ರೋಗೆ ಒಪ್ಪದಿದ್ದರೆ ದುಡ್ಡು ಉಳಿಸಿ ನಮ್ಮ ಡಿಸೈನ್ ಮೇಲೇ ಇನ್ನೊಂದು ವರ್ಷ ಕೂರುತ್ತೇವೆ. ಆ ದಾರಿ ಹಿಡಿಯಬೇಕಾದರೆ ಬಿಸಿ ಲೆಕ್ಕ ಗೊತ್ತಿರುವವರು ಬೇಕು. ಬೆಂಗಳೂರು, ತುಮಕೂರು ಕಡೆ ಪವರ್ ಎಲೆಕ್ಟ್ರಾನಿಕ್ಸ್‌ನಲ್ಲಿ ಥರ್ಮಲ್ ಕೆಲಸ ಮಾಡಿದವರು ಯಾರಾದರೂ ಇದ್ದರೆ ಇಲ್ಲೇ ಹೇಳಿ.